ಉಣ್ಣಿ ಕಲೆಯ ಚಪ್ಪಲಿ: ಅಥಣಿ ಜೋಡಿಯನ್ನು 14 ತಿಂಗಳು ಮೆಟ್ಟಿದ ಮೇಲೆ

ನನ್ನ ಎಡಗಾಲಿನ ಚಪ್ಪಲಿಯ ಪಟ್ಟಿಯ ಮೇಲೆ ಐದು ಸಣ್ಣ ಗುಳಿಗಳಿವೆ. ನಾದಿದ ಹಿಟ್ಟಿನ ಮೇಲೆ ಸಾಸಿವೆ ಕಾಳು ಒತ್ತಿ ತೆಗೆದರೆ ಹೇಗೆ ಕಾಣುತ್ತದೋ ಹಾಗೆ. ಎಮ್ಮೆ ಬದುಕಿದ್ದಾಗ ಉಣ್ಣಿ ಕಚ್ಚಿದ ಕಲೆಗಳು ಅವು. ಅಂಗಡಿಯಲ್ಲಿ ಇಂಥದ್ದು ಕಂಡರೆ ಹೆಚ್ಚಿನವರು 'ಇದು ಡ್ಯಾಮೇಜ್ ಪೀಸು, ಬೇರೆ ತೋರಿಸಿ' ಅನ್ನುತ್ತಾರೆ. ನಾನು ಬೇಕು ಅಂತಲೇ ಆ ತುಂಡನ್ನು ಆರಿಸಿ ಚಪ್ಪಲಿ ಮಾಡಿಸಿಕೊಂಡೆ. 2025ರ ಫೆಬ್ರುವರಿಯಿಂದ ಈ ಏಪ್ರಿಲ್‌ವರೆಗೆ ಮಳೆಗಾಲ ಬಿಟ್ಟು ಹೆಚ್ಚುಕಡಿಮೆ ದಿನವೂ ಮೆಟ್ಟಿದ್ದೇನೆ. ಈಗ ಬರೆಯಬಹುದು ಅನ್ನಿಸಿತು. ಹೊಸ ಚಪ್ಪಲಿ ತಂದ ಮರುದಿನವೇ ಬರೆಯುವ ವಿಮರ್ಶೆಯಿಂದ ಯಾರಿಗೂ ಉಪಯೋಗವಿಲ್ಲ, ಅಲ್ವಾ?

ನಾನು ಧಾರವಾಡದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ನಾಲ್ಕು ವರ್ಷದಿಂದ ಬಿಡುವಿದ್ದಾಗ ಮನೆಯಲ್ಲಿ ತೊಗಲಿನ ಕೆಲಸ ಮಾಡುತ್ತೇನೆ. ಪರ್ಸು, ಕನ್ನಡಕದ ಚೀಲ, ಕೀಲಿಗೊಂಚಲಿನ ಪಟ್ಟಿ, ಇಷ್ಟೇ. ಚಪ್ಪಲಿ ಮಾಡಲು ನನಗೆ ಬರುವುದಿಲ್ಲ. ಆದರೆ ತೊಗಲು ಕತ್ತರಿಸಿ, ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಒಂದು ಅಭ್ಯಾಸ ಬಂದಿದೆ. ಯಾವ ಚಪ್ಪಲಿ ಕೈಗೆ ಸಿಕ್ಕರೂ ಮೊದಲು ಓರೆ ಮಾಡಿ ಅದರ ಅಂಚು ನೋಡುತ್ತೇನೆ. ಮೇಲ್ಮೈಗೆ ಯಾವ ಬಣ್ಣವನ್ನಾದರೂ ಬಳಿಯಬಹುದು. ಕತ್ತರಿಸಿದ ಅಂಚು ಮಾತ್ರ ನಿಜ ಹೇಳುತ್ತದೆ.

ಈ ಅಭ್ಯಾಸ ಇರದಿದ್ದ ಕಾಲದಲ್ಲಿ ಒಮ್ಮೆ ಮೋಸ ಹೋಗಿದ್ದೆ. ಪೇಟೆಯ ಒಂದು ಅಂಗಡಿಯಲ್ಲಿ 'ಒರಿಜಿನಲ್ ಕೊಲ್ಲಾಪುರಿ' ಅಂತ ಹೇಳಿ 850 ರೂಪಾಯಿಗೆ ಒಂದು ಜೋಡಿ ಕೊಟ್ಟರು. ನೋಡಲು ಥಳಥಳ ಅನ್ನುತ್ತಿತ್ತು, ಒಂದೇ ಒಂದು ಕಲೆ ಇರಲಿಲ್ಲ. ಮೂರನೇ ತಿಂಗಳಲ್ಲಿ ಒಂದು ಮಳೆ ಬಿತ್ತು ನೋಡಿ, ತಳ ನೆನೆದ ರೊಟ್ಟಿಯ ಹಾಗೆ ಉಬ್ಬಿತು. ಒಳಗೆ ರಟ್ಟು ಇತ್ತು. ಪಟ್ಟಿಯ ಮೇಲಿನ ಪದರ ಉಗುರಿಗೆ ಸುಲಿದು ಬಂತು, ಕೆಳಗೆ ಬಟ್ಟೆ ಕಾಣಿಸಿತು. ಹಿಮ್ಮಡಿಯಲ್ಲಿ ನಾಲ್ಕು ಮೊಳೆ. ಆವತ್ತಿನಿಂದ ಕಲೆಯೇ ಇಲ್ಲದ ತೊಗಲು ಅಂದರೆ ನನಗೆ ಅನುಮಾನ.

ಅಥಣಿಗೆ ಹೋದದ್ದು ನಾದಿನಿಯ ಮನೆಯ ಕಾರ್ಯಕ್ಕೆ. ಬೆಳಗಾವಿ, ಚಿಕ್ಕೋಡಿ ದಾಟಿ ಹೋಗುವ ದಾರಿ, ಎರಡೂ ಕಡೆ ಕಬ್ಬು. ಊಟ ಮುಗಿದ ಮೇಲೆ ನಾದಿನಿ ಅಲ್ಲಿಯ ಒಂದು ಮನೆಗೆ ಕರೆದುಕೊಂಡು ಹೋದಳು. ಬೋರ್ಡಿಲ್ಲ, ಗಾಜಿನ ಕಪಾಟಿಲ್ಲ. ಪಡಸಾಲೆಯೇ ಅಂಗಡಿ, ಅದೇ ಕಾರ್ಖಾನೆ. ಗೋಡೆಯ ಮೇಲೆ ಹರಳಯ್ಯ ಮತ್ತು ಕಲ್ಯಾಣಮ್ಮನವರ ಚಿತ್ರ. ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಶರಣ ದಂಪತಿ. ಬಸವಣ್ಣ ಅದನ್ನು ಕಾಲಿಗೆ ಹಾಕದೆ ತಲೆಯ ಮೇಲೆ ಇಟ್ಟುಕೊಂಡ ಅನ್ನುವ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ತೊಗಲು ಹದ ಮಾಡುವವರನ್ನು ಊರು ದೂರವೇ ಇಟ್ಟಿತ್ತು. ನಮ್ಮ ಮನೆಯೂ ಅದಕ್ಕೆ ಹೊರತಲ್ಲ. ನಾನು ಮೊದಲ ಸಲ ತೊಗಲಿನ ಹಾಳೆ ತಂದಾಗ ಅವ್ವ ಅದನ್ನು ಅಡುಗೆಮನೆ ಕಡೆ ತರಲು ಬಿಟ್ಟಿರಲಿಲ್ಲ.

ಮನೆಯ ಹಿರಿಯರನ್ನು ನಾನು ಕಾಕಾ ಅಂತಲೇ ಕರೆದೆ. ಎದುರಿಗೆ ಒಂದು ಚಪ್ಪಟೆ ಕಲ್ಲು, ಪಕ್ಕದಲ್ಲಿ ತೊಗಲು ಕೊಯ್ಯುವ ರಂಪಿಗೆ, ತೂತು ಚುಚ್ಚುವ ಎರಡು ಮೂರು ಆರಿ, ಬಡಿಯಲು ಮರದ ಕೊಡತಿ, ನೀರು ತುಂಬಿದ ಬೋಗುಣಿ. ಬೋಗುಣಿಯಲ್ಲಿ ತೊಗಲಿನ ಬಾರು ನೆನೆಯುತ್ತಿತ್ತು. ಕಾಕಿ ಗೋಡೆಗೆ ಒರಗಿ ಕೂತು ಜಡೆ ಹೆಣೆಯುತ್ತಿದ್ದರು. ಅವರು ಅದನ್ನು ವೇಣಿ ಅನ್ನುತ್ತಾರೆ. ಆಡಿನ ತೊಗಲಿನ ತೆಳ್ಳಗಿನ ಪಟ್ಟಿಯನ್ನು ಒಂದು ತುದಿ ಬಿಟ್ಟು ಉದ್ದಕ್ಕೆ ಸೀಳಿ, ಬಿಟ್ಟ ತುದಿಯನ್ನು ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಿಡಿದಿದ್ದರು. ಕೈ ಎರಡೂ ಹೆಣಿಗೆಗೆ, ಕಾಲು ಹಿಡಿತಕ್ಕೆ. ನೂಲಿನಷ್ಟು ತೆಳ್ಳಗಿನ ಎಳೆಗಳು. ನಮ್ಮ ಜೊತೆ ಮಾತಾಡುತ್ತಾ, ಮೊಮ್ಮಗಳಿಗೆ ನೀರು ತರಲು ಹೇಳುತ್ತಾ ಹೆಣೆಯುತ್ತಿದ್ದರು. ಒಮ್ಮೆಯೂ ಕೆಳಗೆ ನೋಡಲಿಲ್ಲ. ಈ ಕಸುಬಿನಲ್ಲಿ ತಳ ಕೊಯ್ಯುವುದು, ಬಡಿಯುವುದು ಹೆಚ್ಚಾಗಿ ಗಂಡಸರ ಕೆಲಸ. ಮೇಲಿನ ಪಟ್ಟಿ, ಹೆಣಿಗೆ, ಅಲಂಕಾರ ಹೆಣ್ಣುಮಕ್ಕಳದು. ಚಪ್ಪಲಿ ಕೊಳ್ಳುವಾಗ ನಮ್ಮ ಕಣ್ಣು ಮೊದಲು ಹೋಗುವುದು ಅವರ ಕೆಲಸದ ಮೇಲೆಯೇ.

ಕಾಕಾ ನನ್ನ ಪಾದವನ್ನು ಹಳೆಯ ನೋಟ್‌ಬುಕ್ಕಿನ ಹಾಳೆಯ ಮೇಲೆ ಇಡಿಸಿ ಪೆನ್ಸಿಲಿನಿಂದ ಗೆರೆ ಎಳೆದರು. ಎರಡೂ ಪಾದ ಬೇರೆ ಬೇರೆಯಾಗಿ. ಬಲಗಾಲು ಸ್ವಲ್ಪ ದೊಡ್ಡದು ಅಂತ ನನಗೆ ಗೊತ್ತಾದದ್ದು ಆವತ್ತೇ. ಆಮೇಲೆ ತೊಗಲಿನ ತುಂಡುಗಳನ್ನು ಹರಡಿದರು. ನಾನು ಉಣ್ಣಿ ಕಲೆಯ ತುಂಡು ಎತ್ತಿಕೊಂಡೆ.

'ಅದು ಬ್ಯಾಡ್ರಿ ಅಕ್ಕಾರ, ಉಣ್ಣಿ ಕಡದೈತಿ. ಆಮ್ಯಾಲೆ ಕಲಿ ಐತಿ ಅಂತ ವಾಪಸ್ ತರ್ತೀರಿ.'

'ತರೂದಿಲ್ಲ ಕಾಕಾ. ನನಗ ಅದೇ ಬೇಕು.'

ಅವರು ನನ್ನ ಮುಖ ನೋಡಿದರು. ಆಮೇಲೆ ಒಂದೊಂದೇ ತುಂಡನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ತೋರಿಸತೊಡಗಿದರು. ಇಲ್ಲಿ ಮುಳ್ಳು ಗೀರಿದ ಗೆರೆ. ಇದು ಕುತ್ತಿಗೆ ಕಡೆಯದು, ಅದಕ್ಕೇ ಸುಕ್ಕು. ಇದು ಹೊಟ್ಟೆ. 'ಬೆನ್ನಿನ ತೊಗಲಂದ್ರ ಹಲಗಿ ಇದ್ದಂಗ ನೋಡ್ರಿ. ಹೊಟ್ಟಿದು ಚಪಾತಿ ಹಿಟ್ಟಿದ್ದಂಗ, ಎಳದಷ್ಟು ಬರ್ತೈತಿ.' ಒಂದೇ ಎಮ್ಮೆಯ ತೊಗಲಿನಲ್ಲಿ ಎಷ್ಟು ಬಗೆ! ತಳಕ್ಕೆ ಬೆನ್ನಿನ ಭಾಗ, ಪಟ್ಟಿಗೆ ಸ್ವಲ್ಪ ಮೆತ್ತಗಿನ ಭಾಗ. ಪಟ್ಟಿಯನ್ನು ಯಾವ ದಿಕ್ಕಿಗೆ ಕೊಯ್ಯಬೇಕು ಅನ್ನುವುದಕ್ಕೂ ಲೆಕ್ಕವಿದೆ. ಹಿಗ್ಗುವ ದಿಕ್ಕಿಗೆ ಕೊಯ್ದರೆ ಎರಡು ತಿಂಗಳಲ್ಲಿ ಸಡಿಲವಾಗಿ ಕಾಲು ಮುಂದೆ ಜಾರುತ್ತದೆ. ನನ್ನ ಮೊದಲ ಪರ್ಸಿನ ಬಾಯಿ ಜೋತು ಬಿದ್ದದ್ದು ಯಾಕೆ ಅಂತ ಆ ಪಡಸಾಲೆಯಲ್ಲಿ ಗೊತ್ತಾಯಿತು.

ತೊಗಲು ಹದ ಮಾಡುವುದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಈ ಚಪ್ಪಲಿಯ ಗುಣ, ದೋಷ ಎರಡೂ ಅಲ್ಲಿಂದಲೇ ಬರುತ್ತವೆ. ಕಾಕಾ ಈಗ ಹದ ಮಾಡಿದ ತೊಗಲನ್ನು ಹೊರಗಿನಿಂದ ತರುತ್ತಾರೆ. ಅವರ ಅಪ್ಪನ ಕಾಲದಲ್ಲಿ ಮನೆಯ ಹಿಂದೆಯೇ ಹೊಂಡಗಳಿದ್ದವಂತೆ. ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುವುದು. ಆಮೇಲೆ ಜಾಲಿ ಮರದ ಚಕ್ಕೆ ಮತ್ತು ಅಳಲೆಕಾಯಿಯ ರಸ. ಕೊನೆಗೆ ತೊಗಲನ್ನೇ ಚೀಲದ ಹಾಗೆ ಹೊಲಿದು, ಅದರೊಳಗೆ ಚಕ್ಕೆ ಮತ್ತು ರಸ ತುಂಬಿ ಮರದ ಅಡ್ಡಕ್ಕೆ ತೂಗುಹಾಕುವುದು. ರಸ ತೊಗಲಿನ ಒಳಗಿನಿಂದ ಹೊರಕ್ಕೆ ಜಿನುಗುತ್ತಾ ಇಳಿಯುತ್ತದೆ. ಇಳಿದದ್ದನ್ನು ಹಿಡಿದು ಮತ್ತೆ ಮೇಲೆ ಸುರಿಯುತ್ತಾರೆ. ಎಲ್ಲ ಸೇರಿ ತಿಂಗಳ ಮೇಲಾಗುತ್ತದೆ.

ಒಳಗೆ ನಡೆಯುವುದೇನು? ಅಳಲೆಕಾಯಿ ಕಚ್ಚಿದರೆ, ನೇರಳೆಹಣ್ಣು ತಿಂದರೆ ನಾಲಿಗೆ ಒರಟಾಗುತ್ತದಲ್ಲ, ಆ ಒಗರು ಟ್ಯಾನಿನ್‌ನದು. ಅದು ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ನಾಲಿಗೆಯ ಜಾರಿಕೆ ಹೋಗುತ್ತದೆ. ತೊಗಲು ಅಂದರೆ ಕೊಲಾಜನ್ ಅನ್ನುವ ಪ್ರೋಟೀನಿನ ನಾರು. ಅದೇ ಒಗರು ಈ ನಾರುಗಳನ್ನು ಹಿಡಿದುಕೊಂಡು, ಅಲ್ಲಿದ್ದ ನೀರಿನ ಜಾಗದಲ್ಲಿ ತಾನು ಕೂರುತ್ತದೆ. ಆಮೇಲೆ ತೊಗಲು ಕೊಳೆಯುವುದಿಲ್ಲ. ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಇಬ್ಬರು ಹುಡುಗಿಯರು ಚಪ್ಪಲಿ ಮೂಸಿ ನೋಡಿ 'ಮೇಡಂ, ಚಹಾಪುಡಿ ವಾಸನೆ' ಅಂದರು. ಸರಿಯಾಗಿಯೇ ಹೇಳಿದರು. ಚಹಾದ ಒಗರಿಗೂ ಇದೇ ಜಾತಿಯ ವಸ್ತು ಕಾರಣ.

ಇವತ್ತು ಪೇಟೆಯಲ್ಲಿ ಸಿಗುವ ಹೆಚ್ಚಿನ ತೊಗಲು ಕ್ರೋಮಿಯಂ ಉಪ್ಪಿನಲ್ಲಿ ಹದವಾದದ್ದು. ಒಂದೆರಡು ದಿನದ ಕೆಲಸ. ಅದು ಮೆತ್ತಗಿರುತ್ತದೆ, ನೀರು ಬಿದ್ದರೂ ಬೇಗ ಕೆಡುವುದಿಲ್ಲ, ಶೂಗೆ ಚೆನ್ನಾಗಿ ಒಗ್ಗುತ್ತದೆ. ಅದನ್ನು ಬೈಯುವ ಉದ್ದೇಶ ನನಗಿಲ್ಲ. ಬೇಜಾರಾಗುವುದು ಅದರ ಮುಂದಿನ ಹಂತಕ್ಕೆ. ಕಲೆ ಕಾಣಬಾರದು ಅಂತ ಮೇಲ್ಮೈಯನ್ನು ಉಜ್ಜಿ ತೆಗೆಯುತ್ತಾರೆ. ಬಣ್ಣದ ಪದರ ಬಳಿಯುತ್ತಾರೆ. ಆಮೇಲೆ ಯಂತ್ರದಲ್ಲಿ ಒತ್ತಿ ಕೂದಲಿನ ರಂಧ್ರದ ಗುರುತು ಮೂಡಿಸುತ್ತಾರೆ. ಇದ್ದ ರಂಧ್ರವನ್ನು ಉಜ್ಜಿ ತೆಗೆದು, ಇಲ್ಲದ ರಂಧ್ರವನ್ನು ಅಚ್ಚು ಹಾಕುವುದು. ಎಲ್ಲ ಜೋಡಿಯೂ ಒಂದೇ ಥರ ಇರಬೇಕು ಅಂತ ಗಿರಾಕಿಗಳಾದ ನಾವು ಹಟ ಹಿಡಿದದ್ದಕ್ಕೇ ಇದೆಲ್ಲ ನಡೆಯುತ್ತಿದೆ.

18 ದಿನಕ್ಕೆ ಚಪ್ಪಲಿ ಸಿದ್ಧವಾಯಿತು. 1,600 ರೂಪಾಯಿ. ಕಾಲೇಜಿನ ತಕ್ಕಡಿಯಲ್ಲಿ ತೂಗಿದೆ, ಒಂದೊಂದು ಹತ್ತಿರ ಹತ್ತಿರ 270 ಗ್ರಾಂ. ರಬ್ಬರ್ ಚಪ್ಪಲಿ ಹಾಕಿ ರೂಢಿಯಾದವರಿಗೆ ಭಾರ ಅನ್ನಿಸುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತಳದ ಹೊಲಿಗೆ. ನಾನು ಮನೆಯಲ್ಲಿ ಹೊಲಿಯುವುದು ಎರಡು ಸೂಜಿಯಲ್ಲಿ. ಒಂದೇ ದಾರ, ಎರಡೂ ತುದಿಗೆ ಸೂಜಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಒಂದು ಕಡೆ ದಾರ ಕಡಿದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ. ಮಷಿನ್ ಹೊಲಿಗೆಯಲ್ಲಿ ಒಂದು ಕಡೆ ಕಡಿದರೆ ಸಾಲಾಗಿ ಬಿಚ್ಚಿಕೊಳ್ಳುತ್ತಾ ಹೋಗಬಹುದು. ನನ್ನ ಈ ಹೊಲಿಗೆಯ ಬಗ್ಗೆ ನನಗೆ ಹೆಮ್ಮೆ ಇತ್ತು. ಕಾಕಾರ ತಳದಲ್ಲಿ ದಾರವೇ ಇಲ್ಲ. ತೊಗಲಿನ ಬಾರಿನಿಂದಲೇ ತೊಗಲನ್ನು ಹೊಲಿದಿದ್ದಾರೆ. ಆರಿಯಿಂದ ಓರೆಯಾಗಿ ಚುಚ್ಚಿ, ನೆನೆದ ಬಾರನ್ನು ತೂರಿಸಿ, ಎಳೆದು, ಕೊಡತಿಯಿಂದ ಮೆಲ್ಲಗೆ ಬಡಿಯುತ್ತಾರೆ. ಒದ್ದೆ ಬಾರು ಒಣಗುತ್ತಾ ಕುಗ್ಗುತ್ತದೆ. ಕುಗ್ಗಿದಷ್ಟೂ ಎರಡು ಪದರ ಬಿಗಿಯಾಗುತ್ತವೆ. ತಳ ಸವೆದಂತೆ ಬಾರೂ ಅದರ ಜೊತೆಗೇ ಸವೆಯುತ್ತದೆ. ಒಂದು ಗಟ್ಟಿ, ಇನ್ನೊಂದು ಮೆತ್ತಗೆ ಅನ್ನುವ ಜಗಳವೇ ಇಲ್ಲ. ಬೆರಳು ಆಡಿಸಿದರೆ ಹೊಲಿಗೆ ತಳದ ಮಟ್ಟಕ್ಕೇ ಸಿಗುತ್ತದೆ, ಎಲ್ಲೂ ಎದ್ದು ನಿಂತಿಲ್ಲ.

ಮೊಳೆಯೂ ಇಲ್ಲ. ಅದನ್ನು ಮೊದಲು ಸುಮ್ನೆ ಹಳೇ ಪದ್ಧತಿ ಅಂದುಕೊಂಡಿದ್ದೆ. ಜುಲೈನಲ್ಲಿ ಅದರ ಕಾರಣ ನನ್ನ ಹಿತ್ತಲಿನಲ್ಲೇ ಸಿಕ್ಕಿತು.

ಅದಕ್ಕೂ ಮುಂಚಿನದು ಹೇಳಿಬಿಡುತ್ತೇನೆ. ಮೊದಲ ವಾರ ಚಪ್ಪಲಿ ಕಚ್ಚಿತು. ಹೆಬ್ಬೆರಳು ತೂರಿಸುವ ತೊಗಲಿನ ಉಂಗುರದ ಹತ್ತಿರ ಒಳಗಡೆ ಬೊಬ್ಬೆ ಎದ್ದಿತು. ಕಾಕಿ ಹೇಳಿದಂತೆ ರಾತ್ರಿ ಆ ಜಾಗಕ್ಕೆ ಹರಳೆಣ್ಣೆ ಸವರಿ ಇಡುತ್ತಿದ್ದೆ. ಜಾಸ್ತಿ ಅಲ್ಲ, ಬೆರಳ ತುದಿಯಷ್ಟು. ಹತ್ತನೇ ದಿನಕ್ಕೆ ಉಂಗುರ ಮೆತ್ತಗಾಯಿತು. ನಡೆದರೆ ಕಿರ್‌ ಕಿರ್‌ ಸಪ್ಪಳ ಬರುತ್ತಿತ್ತು. ನಮ್ಮಜ್ಜ ಬಾಗಿಲಿಗೆ ಬರುವ ಮೊದಲೇ ಅವರ ಚಪ್ಪಲಿ ಬರುತ್ತಿತ್ತು ಅನ್ನುವ ಮಾತು ಮನೆಯಲ್ಲಿ ಇದೆ. ಅದೇ ಸಪ್ಪಳ. ಪರೀಕ್ಷೆಯ ದಿನ ಹಾಲ್‌ನಲ್ಲಿ ಓಡಾಡಲು ಬೇರೆ ಚಪ್ಪಲಿ ಹಾಕಿಕೊಂಡು ಹೋದೆ. ಮೂರನೇ ತಿಂಗಳಿಗೆ ಸಪ್ಪಳ ತಾನಾಗಿ ನಿಂತಿತು. ಅಷ್ಟರಲ್ಲಿ ತಳದ ಮೇಲೆ ನನ್ನ ಐದೂ ಬೆರಳಿನ ಗುಳಿ ಮೂಡಿತ್ತು. ಈಗ ಕತ್ತಲಲ್ಲಿ ಕಾಲು ಇಟ್ಟರೂ ಬೆರಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ.

ಜುಲೈ. ಧಾರವಾಡದ ಮಳೆ ನಿಮಗೆ ಗೊತ್ತಲ್ಲ, ಜೋರಾಗಿ ಬಂದು ನಿಲ್ಲುವ ಮಳೆ ಅಲ್ಲ, ಇಡೀ ದಿನ ಜಿಟಿಜಿಟಿ. ಬಸ್ ಸಿಗದೆ ನಡೆದು ಬಂದೆ, ಚಪ್ಪಲಿ ಪೂರ್ತಿ ನೆನೆಯಿತು. ಹಿತ್ತಲಿನ ಕಿಟಕಿಯ ಕಬ್ಬಿಣದ ಸರಳಿನ ಮೇಲೆ ಒಣಗಲು ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಬಲಗಾಲಿನ ಚಪ್ಪಲಿಯ ಅಂಚಿನಲ್ಲಿ, ಸರಳು ತಾಗಿದ ಎರಡು ಕಡೆ, ಕಪ್ಪು ಗೆರೆ. ಉಜ್ಜಿದೆ, ಹೋಗಲಿಲ್ಲ. ಕೊಳೆ ಅಲ್ಲ ಅದು. ಶಾಯಿ.

ಹಿಂದೆ ನಮ್ಮಲ್ಲಿ ಅಳಲೆಕಾಯಿ ಕಷಾಯಕ್ಕೆ ಅಣ್ಣಭೇದಿ ಹಾಕಿ ಬರೆಯುವ ಶಾಯಿ ಮಾಡುತ್ತಿದ್ದರು. ಅಣ್ಣಭೇದಿ ಅಂದರೆ ಕಬ್ಬಿಣದ ಉಪ್ಪು. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಪಿಯು ಪ್ರಾಕ್ಟಿಕಲ್‌ನಲ್ಲಿ ಫಿನಾಲ್ ಇದೆಯೋ ಇಲ್ಲವೋ ನೋಡಲು ಫೆರಿಕ್ ಕ್ಲೋರೈಡ್ ಹಾಕಿ ಬಣ್ಣ ನೋಡುತ್ತೇವಲ್ಲ, ಅದೇ ಜಾತಿಯ ಕ್ರಿಯೆ. ವರ್ಷ ವರ್ಷ ಪಾಠ ಮಾಡಿದ್ದೇನೆ, ನನ್ನ ಚಪ್ಪಲಿಯ ಅಂಚಿನಲ್ಲಿ ಅದನ್ನು ನೋಡಿದ್ದು ಅದೇ ಮೊದಲು. ಕಬ್ಬಿಣದ ಮೊಳೆ ಹೊಡೆದಿದ್ದರೆ ಪ್ರತಿ ಮಳೆಗೂ ಅದರ ಸುತ್ತ ಹೀಗೆಯೇ ಕಪ್ಪಾಗಿ, ಮೊಳೆ ತುಕ್ಕು ಹಿಡಿದು, ಪಕ್ಕದ ತೊಗಲೂ ಬಿರುಸಾಗಿ ಒಡೆಯುತ್ತಿತ್ತು. ಬಾರಿನಿಂದ ಹೊಲಿಯುವವರಿಗೆ ಇದು ತಲೆಮಾರುಗಳಿಂದ ಗೊತ್ತು. ನಿಂಬೆರಸ ಹಚ್ಚಿದರೆ ಗೆರೆ ತಿಳಿಯಾಗುತ್ತದೆ. ಒಂದು ಗೆರೆಗೆ ಹಚ್ಚಿ ನೋಡಿದೆ, ಬೂದು ಬಣ್ಣಕ್ಕೆ ಇಳಿಯಿತು. ಇನ್ನೊಂದನ್ನು ಹಾಗೇ ಬಿಟ್ಟಿದ್ದೇನೆ. ಅದು ಆ ಜುಲೈ ರಾತ್ರಿಯದು.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಕಾಕಾ ಕೊಟ್ಟ ಚೂರು ತೊಗಲು ಒಂದು, ಹಳೇ ಶೂನಿಂದ ಕೊಯ್ದ ಕ್ರೋಮ್ ತೊಗಲಿನ ಚೂರು ಒಂದು. ಎರಡನ್ನೂ ಕುದಿಯುವ ನೀರಿಗೆ ಹಾಕಿದೆ. ಶೂ ಚೂರಿಗೆ ಏನೂ ಆಗಲಿಲ್ಲ. ಅಥಣಿಯದು ಒಂದೇ ನಿಮಿಷದಲ್ಲಿ ಸುರುಟಿ, ಕುಗ್ಗಿ, ಒಣಗಿದ ಮೇಲೆ ಕಟ್ಟಿಗೆಯಷ್ಟು ಗಟ್ಟಿಯಾಯಿತು. ಹಾಗಾಗಿ ನೆನೆದ ಚಪ್ಪಲಿಯನ್ನು ಒಲೆಯ ಹತ್ತಿರ, ಬೈಕಿನ ಸೈಲೆನ್ಸರ್ ಮೇಲೆ, ಉರಿ ಬಿಸಿಲಿನಲ್ಲಿ ದಯವಿಟ್ಟು ಇಡಬೇಡಿ. ಒಳಗೆ ಹಳೇ ಪೇಪರ್ ತುರುಕಿ, ನೆರಳಲ್ಲಿ, ಕಟ್ಟಿಗೆಯ ಮಣೆಯ ಮೇಲೆ ಎರಡು ದಿನ ಬಿಡಿ. ಪೂರ್ತಿ ಒಣಗುವ ಮೊದಲು, ಇನ್ನೂ ಸ್ವಲ್ಪ ತಂಪು ಇರುವಾಗ ತೆಳ್ಳಗೆ ಎಣ್ಣೆ ಸವರಿ.

ಬಣ್ಣದ ವಿಷಯ. ತಂದಾಗ ಹಸಿ ಶೇಂಗಾ ಸಿಪ್ಪೆಯ ಬಣ್ಣ ಇತ್ತು. ಈಗ ಬೆಲ್ಲದ ಬಣ್ಣ. ಅದೂ ಎಲ್ಲ ಕಡೆ ಒಂದೇ ಅಲ್ಲ. ಬಿಸಿಲು ಬಿದ್ದ ಪಟ್ಟಿ ಹೆಚ್ಚು ಕಂದು, ಕಾಲು ಮುಚ್ಚುವ ಜಾಗ ತಿಳಿ, ಹಿಮ್ಮಡಿ ಒತ್ತುವಲ್ಲಿ ಕನ್ನಡಿಯ ಹಾಗೆ ನುಣುಪು. ಉಣ್ಣಿ ಕಲೆಗಳು ಮೊದಲು ತಿಳಿಯಾಗಿದ್ದವು. ಎಣ್ಣೆ ಕುಡಿದು ಈಗ ಸುತ್ತಲಿನ ತೊಗಲಿಗಿಂತ ಕಪ್ಪಾಗಿ, ಐದು ಚುಕ್ಕಿಯ ರಂಗೋಲಿಯ ಹಾಗೆ ಎದ್ದು ಕಾಣುತ್ತವೆ. ಸ್ಟಾಫ್ ರೂಮಿನಲ್ಲಿ ಒಬ್ಬರು ಅದನ್ನು ಡಿಸೈನ್ ಅಂದುಕೊಂಡು ಎಲ್ಲಿ ಮಾಡಿಸಿದಿರಿ ಅಂತ ಕೇಳಿದರು.

ತೊಂದರೆಗಳನ್ನು ಮುಚ್ಚಿಡುವುದಿಲ್ಲ. ಒದ್ದೆ ಟೈಲ್ಸ್ ಮೇಲೆ ಈ ಚಪ್ಪಲಿ ಜಾರುತ್ತದೆ. ಒಂದು ಸಲ ಕಾಲೇಜಿನ ಮೆಟ್ಟಿಲ ಮೇಲೆ ಬೀಳುವುದರಲ್ಲಿದ್ದೆ. ವಯಸ್ಸಾದವರಿಗೆ ಕೊಡಿಸುವುದಾದರೆ ಕೆಳಗೆ ತೆಳ್ಳಗಿನ ರಬ್ಬರ್ ಪದರ ಹಾಕಿಸಿ. ಚೆಂದ ಕಡಿಮೆಯಾದರೂ ಚಿಂತೆಯಿಲ್ಲ. ನೆನೆದಾಗ ವಾಸನೆ ಬರುತ್ತದೆ, ಒಣಗಿದ ಮೇಲೂ ನಾಲ್ಕೈದು ದಿನ ಇರುತ್ತದೆ. ಮಳೆಗಾಲ ಪೂರ್ತಿ ಇದನ್ನೇ ನಂಬಿಕೊಂಡು ಇರಲು ಆಗುವುದಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನನ್ನದು ಹೆಚ್ಚಾಗಿ ಕಪಾಟಿನಲ್ಲೇ ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಮೊದಲ ವಾರವೇ ಬೂಸ್ಟು ಹಿಡಿಯಿತು. ಹತ್ತಿ ಬಟ್ಟೆಯಲ್ಲಿ ಸುತ್ತಿದ ಮೇಲೆ ಸರಿಹೋಯಿತು. ಎಡಗಾಲಿನ ಪಟ್ಟಿ ಬಲಗಾಲಿನದಕ್ಕಿಂತ ಜಾಸ್ತಿ ಹಿಗ್ಗಿದೆ. ಆ ಉಣ್ಣಿ ಕಲೆಯ ತುಂಡು ಹೊಟ್ಟೆಯ ಕಡೆಗೆ ಹತ್ತಿರದ್ದು, ನಾನೇ ಹಟ ಮಾಡಿ ತೆಗೆದುಕೊಂಡದ್ದು. ಕಾಕಾ ಎಚ್ಚರಿಸಿದ್ದರು. ಕಲೆಯ ತುಂಡು ಆರಿಸುವುದಾದರೆ ಎಳೆದು ನೋಡಿ ಆರಿಸಿ.

ಅಥಣಿಗೆ ಹೋಗಲು ಆಗದವರು ಎಲ್ಲೇ ಕೊಂಡರೂ ಇಷ್ಟು ನೋಡಿ. ಅಂಚು ಮೇಲಿನಿಂದ ಕೆಳಗಿನವರೆಗೆ ಒಂದೇ ಕಂದು ಇರಬೇಕು. ನಡುವೆ ಬೂದು ನೀಲಿ ಛಾಯೆ ಕಂಡರೆ ಅದು ಕ್ರೋಮ್. ಒಂದು ಹನಿ ನೀರು ಹಾಕಿ: ಹೀರಿಕೊಂಡು ಆ ಜಾಗ ಕಪ್ಪಾಗಬೇಕು, ಒಣಗಿದ ಮೇಲೆ ಮಾಮೂಲಿಗೆ ಬರಬೇಕು. ಎಲೆಯ ಮೇಲಿನ ಹನಿಯ ಹಾಗೆ ನಿಂತರೆ ಮೇಲೆ ಪದರ ಬಳಿದಿದ್ದಾರೆ. ಹೆಬ್ಬೆರಳಿನಿಂದ ಒತ್ತಿದರೆ ಸುತ್ತ ಸಣ್ಣ ಸುಕ್ಕು ಏಳಬೇಕು. ಮೂಸಿದರೆ ಕಟ್ಟಿಗೆ, ಚಹಾಪುಡಿಯ ವಾಸನೆ ಬರಬೇಕು, ಪೇಂಟಿನ ವಾಸನೆ ಅಲ್ಲ. ಎರಡೂ ಕಾಲಿನ ಚಪ್ಪಲಿ ಅಚ್ಚಿನಲ್ಲಿ ಎರಕ ಹೊಯ್ದಷ್ಟು ಒಂದೇ ಥರ ಇದ್ದರೆ ಇನ್ನೊಮ್ಮೆ ಅಂಚು ನೋಡಿ.

ಹೆಸರಿನ ಬಗ್ಗೆಯೂ ಒಂದು ಮಾತು. ಪೇಟೆಯಲ್ಲಿ ಈ ಬಗೆಯ ಚಪ್ಪಲಿಗೆಲ್ಲ ಕೊಲ್ಹಾಪುರಿ ಅಂತಲೇ ಹೆಸರು. ಕೊಲ್ಹಾಪುರದ ಶಾಹೂ ಮಹಾರಾಜರು ಈ ಕಸುಬಿಗೆ ಪ್ರೋತ್ಸಾಹ ಕೊಟ್ಟರು, ಅಲ್ಲಿಯ ಪೇಟೆಯ ಹೆಸರೇ ಚಪ್ಪಲಿಗೆ ನಿಂತಿತು. ಅದು ಸರಿಯೇ. ಆದರೆ 2019ರಲ್ಲಿ ಸಿಕ್ಕ ಜಿಐ ಗುರುತು, ಅಂದರೆ ವಸ್ತು ಯಾವ ಸೀಮೆಯದು ಅನ್ನುವ ಕಾನೂನಿನ ಗುರುತು, ಎಂಟು ಜಿಲ್ಲೆಗಳದು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ನಮ್ಮ ಕಡೆಯಿಂದ ಇದರ ಹಕ್ಕು ಕರ್ನಾಟಕ ಸರ್ಕಾರದ ಚರ್ಮ ಕೈಗಾರಿಕೆಗಳ ನಿಗಮವಾದ ಲಿಡ್ಕರ್ ಹೆಸರಿನಲ್ಲಿದೆ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಇಂಥದ್ದೇ ಚಪ್ಪಲಿ ತೋರಿಸಿತು, ಮೊದಲಿಗೆ ಎಲ್ಲಿಯದು ಅಂತ ಹೇಳಲೇ ಇಲ್ಲ. ಗಲಾಟೆಯಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದು ಅಂತ ಒಪ್ಪಿಕೊಂಡಿತು. ಆ ವಾರವೆಲ್ಲ ಟಿವಿಯಲ್ಲಿ ಇದೇ ಸುದ್ದಿ. ನಾನು ಕಾಯುತ್ತಿದ್ದದ್ದು ಅಥಣಿ, ನಿಪ್ಪಾಣಿ, ರಾಯಬಾಗದ ಹೆಸರನ್ನು. ಅಲ್ಲೊಮ್ಮೆ ಇಲ್ಲೊಮ್ಮೆ ಬಂತು ಅಷ್ಟೇ. ಅಥಣಿಯ ಹೆಣ್ಣುಮಕ್ಕಳು ಕಾಲ್ಬೆರಳಲ್ಲಿ ಹಿಡಿದು ಹೆಣೆಯುವ ವೇಣಿ ಇನ್ನೊಂದು ಊರಿನ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದಕ್ಕೇ ಯಾರಾದರೂ ಕೇಳಿದರೆ ನಾನು 'ಅಥಣಿ ಚಪ್ಪಲಿ' ಅಂತಲೇ ಹೇಳುತ್ತೇನೆ.

1,600 ಜಾಸ್ತಿ ಅಲ್ವಾ ಅಂತ ಕೇಳುವವರಿಗೆ: ಆ 850ರ ಜೋಡಿ ಮೂರು ತಿಂಗಳಿಗೆ ಕಸಕ್ಕೆ ಹೋಯಿತು, ರಿಪೇರಿ ಮಾಡಲೂ ಬರುವಂತಿರಲಿಲ್ಲ. ಇದು ಬಿಚ್ಚಿ ಹೊಲಿಯಲು ಬರುವ ವಸ್ತು. ನನ್ನನ್ನು ಕೇಳಿದರೆ 1,600 ಕಡಿಮೆಯೇ. ತಿಂಗಳುಗಟ್ಟಲೆ ಹದವಾದ ತೊಗಲು, ಎರಡು ಜನರ ದಿನಗಟ್ಟಲೆ ಕೆಲಸ. ನಾನು ಚೌಕಾಸಿ ಮಾಡಲಿಲ್ಲ, ನೀವೂ ಮಾಡಬೇಡಿ.

ಈ ಏಪ್ರಿಲ್‌ನಲ್ಲಿ ಹಿಮ್ಮಡಿ ಒಂದು ಪದರ ಸವೆದಿತ್ತು. ಬೇಸಿಗೆ ರಜೆಗೆ ಮತ್ತೆ ಅಥಣಿಗೆ ಹೋದೆ. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಕಾಕಾ ಹಳೇ ಬಾರು ಕಿತ್ತು, ಹೊಸ ಪದರ ಕೂರಿಸಿ, ಅಲ್ಲೇ ನಮ್ಮೆದುರಿಗೇ ಹೊಲಿದುಕೊಟ್ಟರು. 150 ರೂಪಾಯಿ. ಹೊಸ ಹಿಮ್ಮಡಿ ಶೇಂಗಾ ಸಿಪ್ಪೆಯ ಬಣ್ಣ, ಉಳಿದದ್ದು ಬೆಲ್ಲದ ಬಣ್ಣ. ನಾನು ನೋಡುತ್ತಿದ್ದದ್ದನ್ನು ಕಂಡು 'ಕೂಡ್ಕೊಂತೈತಿ ಬಿಡ್ರಿ ಅಕ್ಕಾರ, ಒಂದು ಬ್ಯಾಸಗಿ ಸಾಕು' ಅಂದರು. ಎಡಗಾಲಿನ ಪಟ್ಟಿಯನ್ನೂ ಸ್ವಲ್ಪ ಒಳಗೆ ಎಳೆದು ಬಿಗಿ ಮಾಡಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಅವ್ವ ಕಾಕಿಯ ಪಕ್ಕ ಹೋಗಿ ಕೂತಿದ್ದಳು. ಕಾಕಿ ಅವಳ ಪಾದವನ್ನು ಹಾಳೆಯ ಮೇಲೆ ಇಡಿಸಿ ಗೆರೆ ಎಳೆದರು. ಹೆಬ್ಬೆರಳಿನ ಗಂಟಿನ ಹತ್ತಿರ ಗೆರೆ ಹೊರಗೆ ಉಬ್ಬಿದೆ, ಅಲ್ಲಿ ಪಟ್ಟಿ ಅಗಲ ಇರಲಿ ಅಂತ ಬರೆದಿಟ್ಟುಕೊಂಡರು. ಕೆಳಗೆ ರಬ್ಬರ್ ಪದರ. ತೊಗಲಿನ ತುಂಡುಗಳನ್ನು ಹರಡಿದಾಗ ಅವ್ವ ಒಂದೊಂದನ್ನೂ ಎತ್ತಿ, ಬೆರಳಿನಿಂದ ಸವರಿ, ಕೊನೆಗೆ ಕುತ್ತಿಗೆ ಸುಕ್ಕಿನ ತುಂಡೊಂದನ್ನು ಆರಿಸಿದಳು. ಮೇ ಕೊನೆಯ ವಾರ ಬಾ ಅಂದಿದ್ದಾರೆ.